ಇಪ್ಪತ್ತೆರಡು ದಿನ ಹಸಿರು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನಾನು ವೈದ್ಯೆಯಲ್ಲ, ವಿಜ್ಞಾನಿಯೂ ಅಲ್ಲ. ಹಗಲೆಲ್ಲ ದುಡಿದು, ಸಂಜೆ ಆರರಿಂದ ಒಂಬತ್ತರವರೆಗೆ ನಡೆಯುವ ಕಾಲೇಜಿನಲ್ಲಿ ತೂಕಡಿಸುತ್ತ ಕೂತು ಬಿ.ಎಸ್ಸಿ. ಮುಗಿಸಿದವಳು. ಹೊತ್ತು ಸಾಲದೆ ನಮ್ಮ ಮೇಷ್ಟ್ರು ಕೆಲವು ಪಾಠಗಳನ್ನು ಹಾರಿಸಿಬಿಡುತ್ತಿದ್ದರು. ಹಾಗೆ ಹಾರಿಸಿದ ಪಾಠಗಳಲ್ಲಿ ಮೂತ್ರಪಿಂಡವೂ ಒಂದು. ಆದ್ದರಿಂದ ಇಲ್ಲಿ ನಾನು ಬರೆಯುವುದರಲ್ಲಿ ತಪ್ಪುಗಳಿರಬಹುದು; ತಿಳಿದವರು ತಿದ್ದಿಕೊಂಡು ಓದಬೇಕು. ಸುಮ್ಮನಿದ್ದುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ನಡೆದದ್ದರಲ್ಲಿ ನನ್ನ ಪಾಲೂ ಇದೆ. ಬೇರೆ ಯಾರಾದರೂ ಬರೆದರೆ ದಾಕ್ಷಿಣ್ಯಕ್ಕೆ ಅದನ್ನು ಬಿಟ್ಟುಬಿಡುತ್ತಾರೇನೋ ಎಂಬ ಭಯದಿಂದ ನಾನೇ ಬರೆಯುತ್ತಿದ್ದೇನೆ.

ಕರಡಿಬಾರೆಯ ಸೌರಕ್ಷೇತ್ರದಲ್ಲಿ ಮುನ್ನೂರ ಹನ್ನೆರಡು ಸಾಲು ಪ್ಯಾನಲ್‌ಗಳಿವೆ. ಸಾಲಿನ ಮೇಲೆ ಧೂಳು ಗುಡಿಸುತ್ತ ಹೋಗುವ ಯಂತ್ರ ಆ ತುದಿ ಮುಟ್ಟಿದ ಮೇಲೆ ತಾನಾಗಿ ಪಕ್ಕದ ಸಾಲಿಗೆ ಹೋಗಲಾರದು. ಆರು ಜನ ಹೆಂಗಸರು ಅದನ್ನು ಎತ್ತಿ, ಹೊತ್ತು, ದಾಟಿಸಬೇಕು. ಐದು ಜನರಿಂದ ಆಗದ ಭಾರ ಅದು. ನಮ್ಮ ಅಕ್ಕ ಬೊಮ್ಮಕ್ಕ ನಲವತ್ತೊಂದನೇ ತಂಡದಲ್ಲಿದ್ದಳು. ನಾನು, ಹೊನ್ನೂರಮ್ಮ, ನಿಯಂತ್ರಣ ಕೊಠಡಿಯ ತಂಪಿನಲ್ಲಿ ಆಳುಗಳ ಆರೋಗ್ಯದ ಲೆಕ್ಕ ನೋಡುವ ಮೇಜಿನ ಮುಂದೆ ಕೂತಿರುತ್ತಿದ್ದೆ. ನಾನು ಸಂಜೆ ಕಾಲೇಜಿಗೆ ಹೋಗುತ್ತಿದ್ದ ನಾಲ್ಕು ವರ್ಷ ಅಡುಗೆ ಮಾಡಿ, ಕಾಯಿಲೆಯ ಅವ್ವನ ಕಾಲು ತೊಳೆದು, ನನಗಾಗಿ ಬಾಗಿಲು ತೆರೆದಿಟ್ಟು ಕಾದವಳು ಅಕ್ಕ. ಅವ್ವ ಹೋದ ಮೇಲೆ ಕಂಪನಿಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಇದ್ದೆವು.

ಹಿಂದಿನ ಬೇಸಿಗೆಯಲ್ಲಿ ಬಿಸಿಲು ನಲವತ್ತೇಳು ಡಿಗ್ರಿ ಮುಟ್ಟಿ ಹನ್ನೊಂದು ಹೆಂಗಸರು ಸಾಲಿನ ನಡುವೆ ಬಿದ್ದಿದ್ದರು. ಹೆಂಗಸರು ನೀರು ಕುಡಿಯುವುದೇ ಕಡಿಮೆ. ಬಯಲಿನಲ್ಲಿ ಮರೆಯಿಲ್ಲ, ಶೌಚದ ಗೂಡು ಎರಡು ಮೈಲಿಗೊಂದು. ಅದಕ್ಕೇ ಮರುವರ್ಷ ಹೊಸ ಉಪಕರಣ ಬಂತು. ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಒಂದಕ್ಕೆ ಎಲ್ಲರೂ ಗೂಡಿಗೆ ಹೋಗಲೇಬೇಕು. ಅಲ್ಲಿನ ಬಟ್ಟಲು ಮೂತ್ರವನ್ನು ಓದಿ ದೀಪ ಹಚ್ಚುತ್ತದೆ. ಹಸಿರಾದರೆ ಕೆಲಸಕ್ಕೆ ನಡೆ. ಕೆಂಪಾದರೆ ಒಂದು ಗಂಟೆ ನೆರಳು, ಎರಡು ಚೊಂಬು ಉಪ್ಪು ಮಜ್ಜಿಗೆ.

ಅದು ಓದುತ್ತಿದ್ದದ್ದು ಪ್ರೊಸ್ಟಗ್ಲ್ಯಾಂಡಿನ್ ಎಂಬ ಪದಾರ್ಥವನ್ನು. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಮೈಯಲ್ಲಿ ನೀರು ಕಡಿಮೆಯಾದಾಗ ರಕ್ತನಾಳಗಳು ಬಿಗಿಯುತ್ತವೆ. ಇರುವಷ್ಟು ರಕ್ತವನ್ನು ಮಿದುಳಿಗೂ ಹೃದಯಕ್ಕೂ ಉಳಿಸುವ ಉಪಾಯ ಅದು. ಆ ಬಿಗಿತ ಮೂತ್ರಪಿಂಡಕ್ಕೂ ತಟ್ಟುತ್ತದೆ. ಆಗ ಮೂತ್ರಪಿಂಡ ತನ್ನೊಳಗೇ ಪ್ರೊಸ್ಟಗ್ಲ್ಯಾಂಡಿನ್ ತಯಾರಿಸಿಕೊಂಡು, ಒಳಬರುವ ನಾಳವನ್ನು ಸಡಿಲವಾಗಿ ಇಟ್ಟುಕೊಳ್ಳುತ್ತದೆ. ಸೋಸಿದ ಉಪ್ಪನ್ನೂ ನೀರನ್ನೂ ಸಣ್ಣ ಕೊಳವೆಗಳು ಪೂರ್ತಿ ಹಿಂದಕ್ಕೆ ಎಳೆದುಕೊಳ್ಳದಂತೆ ತಡೆಯುವುದೂ ಅದೇ. ಅದು ಹುಟ್ಟಿದಲ್ಲೇ ದುಡಿದು ಸ್ವಲ್ಪ ಹೊತ್ತಿನಲ್ಲೇ ಒಡೆದುಹೋಗುತ್ತದೆ. ಅದರ ಒಂದಿಷ್ಟು ಗುರುತು ಮಾತ್ರ ಮೂತ್ರದಲ್ಲಿ ಸಿಗುತ್ತದೆ. ಗುರುತು ಹೆಚ್ಚಾಯಿತೆಂದರೆ ಮೂತ್ರಪಿಂಡ ಕಷ್ಟದಲ್ಲಿದೆ ಎಂದು ಲೆಕ್ಕ. ಆಳು ಬೀಳುವುದಕ್ಕೆ ಎಷ್ಟೋ ಮೊದಲೇ ದೀಪ ಕೆಂಪಾಗುತ್ತಿತ್ತು. ಒಳ್ಳೆಯ ಉಪಕರಣ. ಇವತ್ತೂ ನಾನು ಹಾಗೆಯೇ ಹೇಳುತ್ತೇನೆ.

ಏಪ್ರಿಲ್ ಮೊದಲ ವಾರದಲ್ಲೇ ಅಕ್ಕನ ದೀಪ ಕೆಂಪಾಯಿತು. ಒಬ್ಬಳು ಕೂತರೆ ಆರೂ ಜನ ಕೂರಬೇಕು. ಆ ಒಂದು ಗಂಟೆಯ ಕೆಲಸವನ್ನು ಪಾಳಿ ಮುಗಿದ ಮೇಲೆ, ಎರಡರಿಂದ ಮೂರರ ಉರಿಯಲ್ಲಿ, ಮಾಡಿಕೊಡಬೇಕು. ತಂಡದ ಹಿರಿಯಳು ಪಾಲಮ್ಮ, ಐವತ್ತೈದರ ಗಟ್ಟಿಗಿತ್ತಿ, ಸುಮ್ಮನಿರುವವಳಲ್ಲ.

"ಏನೇ ಬೊಮ್ಮಿ, ನಿನ್ನ ಉಚ್ಚೆ ಏನು ಪೇಟೆ ಸರ್ಕಲ್ಲಿನ ಸಿಗ್ನಲ್ಲೇನೇ? ಕೆಂಪು ಹಾಕಿ ಎಲ್ಲಾರ ಗಾಡಿನೂ ನಿಲ್ಲಿಸಿಬಿಟ್ಟೆಯಲ್ಲ!"

ಎಲ್ಲರೂ ನಕ್ಕರಂತೆ. ಅಕ್ಕನೂ ನಕ್ಕಳಂತೆ. ಆದರೆ ಮನೆಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತಾಗ ನಗು ಇರಲಿಲ್ಲ.

"ನನ್ನಿಂದ ಐದು ಜನ ಸುಡು ಬಿಸಿಲಲ್ಲಿ ಹೊರೋ ಹಂಗಾಯ್ತು ಕಣೇ ಹೊನ್ನಿ. ಮೇಲಾಗಿ ಈ ಮಂಡಿ ಬೇರೆ. ಎದ್ದರೆ ಕೂರಕ್ಕಾಗಲ್ಲ, ಕೂತರೆ ಏಳಕ್ಕಾಗಲ್ಲ."

ಮಾರನೇ ದಿನ ನಾನು ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆಯ ಒಂದು ಶೀಟು ತಂದುಕೊಟ್ಟೆ. ತಂದವಳು ನಾನು. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಮಂಡಿ ಸಡಿಲವಾಯಿತು. ದೀಪವೂ ಹಸಿರಾಯಿತು. ಇದನ್ನು ಮೊದಲು ಗಮನಿಸಿದವಳು ಪಾಲಮ್ಮ. "ಬೊಮ್ಮಿ ಮಾತ್ರೆ ನುಂಗಿದ ದಿನ ಹಸಿರು, ಬಿಟ್ಟ ದಿನ ಕೆಂಪು. ಇದು ಬರೀ ನೋವಿಗಲ್ಲ, ಶಕ್ತಿಗೂ ಐತೆ" ಎಂದು ತೀರ್ಮಾನ ಕೊಟ್ಟಳು. ತಂಡದ ಇಬ್ಬರು ಹುಡುಗಿಯರು ತಿಂಗಳ ಹೊಟ್ಟೆನೋವಿಗೆ ಅದೇ ಮಾತ್ರೆಯನ್ನು ಆಗಲೇ ನುಂಗುತ್ತಿದ್ದರು. ಬೆಳಗಿನ ಟೀ ಆದಮೇಲೆ ಪಾಲಮ್ಮ ಎಲೆಅಡಿಕೆ ಚೀಲ ಬಿಚ್ಚಿ ಎಲ್ಲರಿಗೂ ಎಲೆ ಹಂಚುವುದು ಅಲ್ಲಿನ ರೂಢಿ, ಬೇಡವೆಂದರೆ ಮುನಿಸು. ಈಗ ಅದೇ ಚೀಲದಿಂದ ಎಲೆಯ ಜೊತೆ ಒಂದೊಂದು ಮಾತ್ರೆಯೂ ಬರತೊಡಗಿತು. ಹಿರಿಯಳು ಅಂಗೈಗೆ ಇಟ್ಟದ್ದನ್ನು ಯಾರು ಬೇಡವೆಂದಾರು?

"ವಾರಕ್ಕೆ ನಾಲ್ಕು ಶೀಟು ತಾರೇ, ಹುಡುಗೀರೂ ಕೇಳ್ತಾರೆ" ಎಂದಳು ಅಕ್ಕ. ತಂದೆ.

ಆಮೇಲೆ ನಲವತ್ತೊಂದನೇ ತಂಡ ಇಪ್ಪತ್ತೆರಡು ದಿನ ಹಸಿರಾಗಿಯೇ ಇತ್ತು. ಒಂದು ದಿನವೂ ಕೆಂಪಿಲ್ಲ. ಸುತ್ತಲಿನ ತಂಡಗಳಲ್ಲಿ ದಿನಕ್ಕೆ ಮೂರು ನಾಲ್ಕು ಕೆಂಪು. ನಮ್ಮ ಕೊಠಡಿಯ ಮುಖ್ಯಸ್ಥರು ವಾದಿರಾಜ ಸರ್, ಮೆದು ಮಾತಿನ ಎಂಜಿನಿಯರ್. ಗೋಡೆಯ ಮೇಲಿನ ಪರದೆಯನ್ನು ನೋಡುತ್ತ ಕೇಳಿದರು:

"ಹೊನ್ನೂರಮ್ಮ, ಈ ನಲವತ್ತೊಂದರವರು ಏನ್ರೀ ತಿಂತಾರೆ?"

"ಮುದ್ದೆ, ಉಪ್ಪೆಸರು ಸರ್" ಎಂದು ನಕ್ಕೆ. ನನಗೆ ಒಳಗೊಳಗೇ ಹೆಮ್ಮೆ. ಅಕ್ಕನ ತಂಡವಲ್ಲವೇ. ಆ ಹೆಮ್ಮೆಯಲ್ಲೇ, "ಬೇರೆ ತಂಡದವರಿಗೂ ಇವರನ್ನು ನೋಡಿ ಕಲಿಯಲು ಹೇಳೋಣ ಸರ್" ಎಂದೆ. ಅವರು ಒಪ್ಪಿದರು. ನಾನೇ ನಾಲ್ಕು ಸಾಲಿನ ಸೂಚನೆ ಬರೆದು ಗೂಡುಗಳ ಬಾಗಿಲಿಗೆ ಅಂಟಿಸಿದೆ. ಬೇರೆ ತಂಡದವರು ಬಂದು ಗುಟ್ಟೇನೆಂದು ಕೇಳಿದರು. ಪಾಲಮ್ಮ ಗುಟ್ಟು ಇಟ್ಟುಕೊಳ್ಳುವ ಹೆಂಗಸಲ್ಲ. ಚೀಲ ಬಿಚ್ಚಿ ತೋರಿಸಿದಳು. ವಾರದೊಳಗೆ ಇಡೀ ಕ್ಷೇತ್ರದ ಕೆಂಪು ಅರ್ಧಕ್ಕಿಳಿಯಿತು. ವಾದಿರಾಜ ಸರ್ ನನಗೊಂದು ಟೀ ತರಿಸಿಕೊಟ್ಟರು.

ಮೇ ಮಧ್ಯದ ಒಂದು ಭಾನುವಾರ. ಅಕ್ಕ ಹಿತ್ತಲ ಕಲ್ಲಿನ ಮೇಲೆ ಕೂತು ಬಳೆ ತೆಗೆಯಲು ಒದ್ದಾಡುತ್ತಿದ್ದಳು.

"ನೋಡೇ, ಬಳೆ ಕೈಗೆ ಕಚ್ಚಿಕೊಂಡೈತೆ. ಇಷ್ಟು ಬಿಸಿಲಲ್ಲೂ ದಪ್ಪ ಆದವಳು ನಾನೊಬ್ಬಳೇ ಇರಬೇಕು."

"ಕದ್ದು ತಿಂತೀಯೇನೋ" ಎಂದು ರೇಗಿಸುತ್ತ ಸೋಪು ಹಚ್ಚಿ ಕೈ ಹಿಡಿದೆ. ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿತ್ತು. ಬೆರಳು ತೆಗೆದರೂ ಗುಳಿ ಹಾಗೆಯೇ ಉಳಿಯಿತು. ಕಾಲನ್ನು ಒತ್ತಿ ನೋಡಿದೆ. ಅಲ್ಲಿಯೂ ಅದೇ.

"ಉಚ್ಚೆ ಸರಿಯಾಗಿ ಹೋಗ್ತೀಯೇನಕ್ಕ?"

"ಎಲ್ಲಿ ಬರುತ್ತೆ? ಕುಡಿದಿದ್ದೆಲ್ಲ ಬೆವರಾಗಿ ಹೋಗುತ್ತೆ. ಬಟ್ಟಲು ಒದ್ದೆ ಮಾಡೋಷ್ಟು ಬಂದರೆ ಪುಣ್ಯ. ಆದರೂ ಹಸಿರೇ ಕಣೇ!"

ಆ ಮಾತು ಕೇಳಿ ಸೋಪಿನ ಕೈ ತೊಳೆದುಕೊಂಡು ಎದ್ದೆ. ಭಾನುವಾರವಾದರೂ ಕೊಠಡಿಗೆ ಹೋಗಿ ಅವಳ ದಾಖಲೆ ತೆರೆದೆ. ದೀಪದ ಬಣ್ಣ ಮೊದಲ ಪುಟದಲ್ಲಿರುತ್ತದೆ. ಮೂತ್ರದ ಪ್ರಮಾಣ ಎಷ್ಟೆಂಬುದು ಇನ್ನೊಂದು ಪುಟದಲ್ಲಿ. ಅದನ್ನು ತೆರೆಯಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ನಾನಾಗಿ ತೆರೆಯಬಹುದಿತ್ತು, ತೆರೆದಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಸಲಕ್ಕೆ ಇನ್ನೂರೈವತ್ತು ಮಿಲಿಲೀಟರ್ ಇದ್ದದ್ದು, ನೂರಾಗಿ, ಎಪ್ಪತ್ತಾಗಿ, ಹಿಂದಿನ ದಿನ ನಲವತ್ತಕ್ಕೆ ಬಂದಿತ್ತು. ಅದರ ಪಕ್ಕದಲ್ಲೇ ಹಸಿರು ಚುಕ್ಕಿ.

ಮನೆಗೆ ಬಂದು ಕಾಲೇಜಿನ ನೋಟ್ಸು ಹುಡುಕಿದೆ. ನೋವು, ಜ್ವರ, ಬಾವಿನ ಪಾಠವನ್ನು ಮೇಷ್ಟ್ರು ಹಾರಿಸಿರಲಿಲ್ಲ. ನನ್ನದೇ ಅಕ್ಷರ, ಕೆಳಗೆ ಗೆರೆ ಎಳೆದಿದ್ದೆ: 'ಈ ಮಾತ್ರೆಗಳು ಪ್ರೊಸ್ಟಗ್ಲ್ಯಾಂಡಿನ್ ತಯಾರಾಗದಂತೆ ತಡೆದು ನೋವು ಕಡಿಮೆ ಮಾಡುತ್ತವೆ.' ಎರಡು ಅಂಕದ ಪ್ರಶ್ನೆ ಅದು. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ. ಉಪಕರಣದ ತರಬೇತಿಯಲ್ಲಿ ಕೊಟ್ಟ ಹಾಳೆಯನ್ನು ಅದರ ಪಕ್ಕಕ್ಕಿಟ್ಟೆ: 'ಪ್ರೊಸ್ಟಗ್ಲ್ಯಾಂಡಿನ್ ಕಡಿಮೆ ಇದ್ದರೆ ಹಸಿರು.'

ಎರಡೂ ನನಗೆ ಗೊತ್ತಿದ್ದ ವಿಷಯಗಳೇ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ, ಅಷ್ಟೆ. ಮಂಡಿಯಲ್ಲಿ ನೋವು ಹುಟ್ಟಿಸುವ ಪ್ರೊಸ್ಟಗ್ಲ್ಯಾಂಡಿನ್ ಯಾವುದು, ಮೂತ್ರಪಿಂಡದ್ದು ಯಾವುದು ಎಂದು ಮಾತ್ರೆ ನೋಡುವುದಿಲ್ಲ, ಎರಡನ್ನೂ ನಿಲ್ಲಿಸುತ್ತದೆ. ಹಾಗಾದರೆ ಮೂತ್ರಪಿಂಡದ ನಾಳ ಬಿಗಿಯುತ್ತದೆ, ಉಪ್ಪೂ ನೀರೂ ಒಳಗೇ ನಿಂತು ಕೈಕಾಲು ಊದುತ್ತವೆ, ಮೂತ್ರ ಇಳಿಯುತ್ತದೆ. ಕಷ್ಟ ಹೆಚ್ಚುತ್ತ ಹೋದಂತೆ ದೀಪ ಹಸಿರಾಗಿಯೇ ಇರುತ್ತದೆ.

ಅಕ್ಕನಿಗೆ ಹೇಳಿದೆ. ಎರಡು ದಿನ ಮಾತ್ರೆ ಬಿಡು, ನೋಡೋಣ ಎಂದೆ. ಬಿಟ್ಟಳು. ಪಾಲಮ್ಮ ಕೊಟ್ಟದ್ದನ್ನು ಎಲೆಯ ಮರೆಯಲ್ಲಿ ಸೆರಗಿಗೆ ಕಟ್ಟಿಕೊಂಡಳಂತೆ. ಮಂಗಳವಾರ ಒಂಬತ್ತಕ್ಕೆ ಅವಳ ದೀಪ ಕೆಂಪಾಯಿತು. ಆರು ಜನ ಕೂತರು. ಸಂಜೆ ಅಕ್ಕ ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದಳು.

"ನೋಡಿದೆಯೇನೇ? ಮಾತ್ರೆ ಬಿಟ್ಟೆ, ಕೆಂಪು ಬಂತು. ಪಾಲಮ್ಮ ನನ್ನ ಜೊತೆ ಮಾತು ಬಿಟ್ಟವಳೆ. ಎರಡು ಗಂಟೆ ಬಿಸಿಲಲ್ಲಿ ಹೊರೋವಾಗ ಆ ಸಣ್ಣ ಹುಡುಗಿ ಅತ್ತುಬಿಟ್ಟಳು. ಮಾತ್ರೆ ತಿಂದರೆ ಹಸಿರು, ಬಿಟ್ಟರೆ ಕೆಂಪು. ಯಾವುದು ಒಳ್ಳೇದು, ನೀನೇ ಹೇಳು. ಓದಿದವಳು ನೀನು."

"ಕೆಂಪೇ ನಿಜ ಇರಬೇಕಕ್ಕ. ನನಗೆ ಹಂಗನ್ನಿಸುತ್ತೆ."

"ಅನ್ನಿಸುತ್ತೋ, ಗೊತ್ತೈತೋ?"

ಇದಕ್ಕೆ ನಾನು ಕೊಟ್ಟ ಉತ್ತರವನ್ನು ಇದ್ದ ಹಾಗೆಯೇ ಬರೆಯಬೇಕು. "ಖಚಿತವಾಗಿ ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲ ಅಂದಮೇಲೆ ಐದು ಜನಾನ ಬಿಸಿಲಲ್ಲಿ ಯಾಕೆ ಸಾಯಿಸಲಿ?" ಎಂದು ಅಕ್ಕ ಒಳಗೆ ಹೋದಳು. ಬುಧವಾರದಿಂದ ಮತ್ತೆ ನುಂಗಿದಳು.

ಅದೇ ಮಂಗಳವಾರ ಮಧ್ಯಾಹ್ನ ವಾದಿರಾಜ ಸರ್‌ಗೂ ಹೇಳಿದ್ದೆ. ಅವರು ನಗಲಿಲ್ಲ. "ಇದು ನಿಮ್ಮ ಊಹೆಯೋ, ಓದಿದ್ದೋ?" ಎಂದು ಕೇಳಿದರು. "ಅರ್ಧ ಓದಿದ್ದು, ಅರ್ಧ ಊಹೆ ಸರ್" ಎಂದೆ. "ಬರೆದುಕೊಡಿ, ಉಪಕರಣ ಮಾಡಿದವರಿಗೇ ಕಳಿಸ್ತೀನಿ. ಶನಿವಾರದೊಳಗೆ ಉತ್ತರ ಬರುತ್ತೆ. ಅಲ್ಲೀವರೆಗೆ ಯಾರನ್ನೂ ಹೆದರಿಸಬೇಡಿ." ಅವರ ಎಚ್ಚರಿಕೆಗೆ ಕಾರಣವಿತ್ತು. ಜನವರಿಯಲ್ಲಿ ನಾನು ದಶಮಾಂಶದ ಚುಕ್ಕಿ ತಪ್ಪಾಗಿ ಹಾಕಿ ನಲವತ್ತು ತಂಡಗಳನ್ನು ಸುಮ್ಮಸುಮ್ಮನೆ ಅರ್ಧ ದಿನ ನಿಲ್ಲಿಸಿದ್ದೆ. ಕೊಠಡಿಯವರೆಲ್ಲ ವಾರಗಟ್ಟಲೆ ಚುಕ್ಕಿ ಹೊನ್ನೂರಮ್ಮ ಎಂದು ಕರೆದಿದ್ದರು. ಮತ್ತೊಂದು ಸಲ ತಪ್ಪಿದರೆ? ಸಂಜೆ ಕಾಲೇಜಿನವಳಿಗೆ ಇಷ್ಟೇ ಬುದ್ಧಿ ಎಂದರೆ? ಬುಧವಾರ, ಗುರುವಾರ, ಶುಕ್ರವಾರ ನಾನು ಪರದೆಯ ಮುಂದೆ ಕೂತು ಅಕ್ಕನ ಹಸಿರು ಚುಕ್ಕಿ ನೋಡಿದೆ. ಪ್ರಮಾಣದ ಪುಟವನ್ನೂ ನೋಡಿದೆ. ಮೂವತ್ತು. ಇಪ್ಪತ್ತು. ಗುರುವಾರ ಸಂಜೆ ಆಸ್ಪತ್ರೆಗೆ ಹೋಗೋಣ ಬಾ ಎಂದೆ. "ಭಾನುವಾರ ನೋಡೋಣ, ಈಗ ರಜೆ ಹಾಕಿದರೆ ತಂಡ ಐದಾಗುತ್ತೆ" ಎಂದಳು. ನಾನು ಒತ್ತಾಯ ಮಾಡಲಿಲ್ಲ.

ಶನಿವಾರ ಹನ್ನೊಂದೂವರೆಗೆ ಯಂತ್ರ ಎತ್ತುವಾಗ ಅಕ್ಕನ ಮೂಲೆ ಕುಸಿಯಿತು. ಯಂತ್ರ ಯಾರ ಮೇಲೂ ಬೀಳದಂತೆ ಉಳಿದ ಐವರು ಹಿಡಿದುಕೊಂಡರು. ಅಕ್ಕನನ್ನು ಹಿಡಿಯಲು ಕೈ ಉಳಿದಿರಲಿಲ್ಲ.

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನೋಡಿದ ವೈದ್ಯರು, ಎರಡೂ ಮೂತ್ರಪಿಂಡಗಳು ನಿಂತಿವೆ, ಪೊಟ್ಯಾಸಿಯಂ ಏರಿದೆ, ಹೃದಯಕ್ಕೆ ಅಪಾಯ ಎಂದರು. ಅವತ್ತೇ ಡಯಾಲಿಸಿಸ್ ಮಾಡಿದರು. ಭಾನುವಾರ ಬೆಳಗ್ಗೆ ಅಕ್ಕ ಸ್ವಲ್ಪ ಗೆಲುವಾಗಿದ್ದಳು. ಮುಖ ಊದಿ ಕಣ್ಣು ಸಣ್ಣದಾಗಿತ್ತು. ನನ್ನ ಕೈ ಹಿಡಿದುಕೊಂಡು ಕೇಳಿದಳು:

"ನಂದು ಹಸಿರೇ ಇತ್ತಲ್ಲೇ ಹೊನ್ನಿ? ಶನಿವಾರ ಬೆಳಗ್ಗೆನೂ ಹಸಿರೇ. ನೀನೇ ನೋಡಿದ್ದೀಯಲ್ಲ."

"ಹೂಂ ಕಣಕ್ಕ. ಹಸಿರೇ ಇತ್ತು."

"ಮತ್ತೆ?"

ಹೇಳಿದೆ. ಈ ಸಲ ಅನ್ನಿಸುತ್ತೆ ಎನ್ನಲಿಲ್ಲ. ಅವಳಿಗೆ ತಿಳಿಯುವ ಹಾಗೆ, ಅವಳ ಕೆಲಸದ ಮಾತಿನಲ್ಲೇ ಹೇಳಿದೆ. ಅಕ್ಕ ಸೂರು ನೋಡುತ್ತ ಕೇಳಿಸಿಕೊಂಡಳು. ಬೈಯುತ್ತಾಳೆಂದುಕೊಂಡಿದ್ದೆ.

"ಮತ್ತೆ ಇಲ್ಲಿ ಕೂತು ನನ್ನ ಮುಖ ಏನು ನೋಡ್ತೀಯೇ? ನಾಳೆ ಬೆಳಗ್ಗೆನೂ ಪಾಲಮ್ಮ ಚೀಲ ಬಿಚ್ಚುತ್ತಾಳೆ. ಹೋಗಿ ಹೇಳು."

"ನಿನ್ನ ಬಿಟ್ಟು ಹೆಂಗೆ ಹೋಗಲಿ?"

"ನಾನೇನು ಓಡಿಹೋಗ್ತೀನಾ? ಈ ನಳಿಕೆಗೆಲ್ಲ ಕಟ್ಟಿಹಾಕವರೆ. ಹೋಗು."

ಸೋಮವಾರ ಮೊದಲ ಬಸ್ಸಿಗೆ ಹೋದೆ. ಹಾಜರಿ ಕಟ್ಟೆಯ ಮುಂದೆ ಸುತ್ತಲಿನ ತಂಡಗಳ ನೂರಕ್ಕೂ ಹೆಚ್ಚು ಹೆಂಗಸರು ಟೀ ಕುಡಿಯುತ್ತಿದ್ದರು. ಪಾಲಮ್ಮನ ಚೀಲ ತೊಡೆಯ ಮೇಲಿತ್ತು. ನನಗೆ ಜನರ ಮುಂದೆ ನಿಂತು ಮಾತಾಡಿ ಅಭ್ಯಾಸವಿಲ್ಲ.

"ಏನೇ, ಬೊಮ್ಮಿ ಹೆಂಗವಳೆ?" ಎಂದಳು ಪಾಲಮ್ಮ.

"ಕಿಡ್ನಿ ಎರಡೂ ನಿಂತೈತೆ ಪಾಲಮ್ಮ. ಮಾತ್ರೆಯಿಂದ. ಈ ಬಿಸಿಲಲ್ಲಿ, ನೀರಿಲ್ಲದ ಮೈಗೆ, ದಿನಾ ಮಾತ್ರೆ ಹಾಕಿದ್ದರಿಂದ. ತಂದುಕೊಟ್ಟವಳು ನಾನು."

ಗದ್ದಲವೆದ್ದಿತು. "ಹಸಿರು ಬರ್ತಿತ್ತಲ್ಲ!" "ಇವಳೇ ಚೀಟಿ ಅಂಟಿಸಿದ್ದು!" "ಈಗ ಬಂದವಳೆ ಹೇಳಕ್ಕೆ!"

"ಕೇಳ್ರವ್ವ. ಟ್ಯಾಂಕಲ್ಲಿ ನೀರು ಕಡಿಮೆ ಆದಾಗ ಎಲ್ಲಾ ವಾಲ್ವೂ ಬಿಗಿ ಮಾಡ್ತಾರಲ್ಲ? ಆಗ ಕೊನೇ ನಲ್ಲಿ ಒಣಗದಂಗೆ ಅಲ್ಲೊಬ್ಬಳು ವಾಲ್ವು ಹಿಡಿದು ನಿಂತು, ನೀರು ಬಿಡ್ರೋ ಅಂತ ಕೂಗ್ತಾಳೆ. ಕಿಡ್ನಿಯಲ್ಲೂ ಹಂಗೆ ಒಬ್ಬಳವಳೆ. ದೀಪ ಕೇಳ್ತಿದ್ದದ್ದು ಅವಳ ಕೂಗನ್ನ. ಕೂಗು ಜಾಸ್ತಿ ಆದರೆ ಕೆಂಪು. ಮಾತ್ರೆ ಅವಳನ್ನ ಮನೆಗೆ ಕಳಿಸಿಬಿಡುತ್ತೆ. ಕೂಗೋರಿಲ್ಲ, ದೀಪ ಹಸಿರು. ನಲ್ಲಿ ಮಾತ್ರ ಒಣಗ್ತಾ ಇರುತ್ತೆ. ನನಗೆ ಎಂಟು ದಿನದ ಹಿಂದೆಯೇ ಅನುಮಾನ ಬಂದಿತ್ತು. ಹೆದರಿಕೊಂಡು ಸುಮ್ಮನಿದ್ದೆ."

ತಂಡದ ಸಣ್ಣ ಹುಡುಗಿ ತನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿಕೊಂಡಳು. ಪಾಲಮ್ಮ ಚೀಲದಿಂದ ಮಾತ್ರೆಯ ಶೀಟುಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗಿಟ್ಟಳು. "ನನ್ನ ಕೈಯಾರೆ ಕೊಟ್ಟೆನಲ್ಲೇ ಅವಳಿಗೆ" ಎಂದಳು. "ಬೇಡ ಅಂದಿದ್ದರೆ ಬೈತಿದ್ದೆ ಕಣೇ ನಾನು." ಆಮೇಲೆ ಎದ್ದು ನಿಂತು, ಇವತ್ತು ಯಾವ ತಂಡವೂ ಯಂತ್ರ ಎತ್ತುವುದಿಲ್ಲ, ಎಲ್ಲರೂ ರಕ್ತ ಪರೀಕ್ಷೆಗೆ ನಡೀರಿ ಎಂದು ಕೂಗಿದಳು. ವಾದಿರಾಜ ಸರ್ ಓಡುತ್ತ ಬಂದರು. ಅವರು ತಡೆಯಲಿಲ್ಲ, ಬಸ್ಸು ತರಿಸಿದರು.

ಹತ್ತೂ ಮುಕ್ಕಾಲಿಗೆ ಆಸ್ಪತ್ರೆಯಿಂದ ಫೋನು ಬಂತು. ಎರಡನೇ ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಅಕ್ಕನ ಹೃದಯ ನಿಂತಿತ್ತು. ನಾನು ಹೇಳಿದೆನೋ ಇಲ್ಲವೋ ಎಂದು ಬೆಳಗ್ಗೆ ನರ್ಸನ್ನು ಎರಡು ಸಲ ಕೇಳಿದ್ದಳಂತೆ. ನರ್ಸಿಗೆ ಏನು ಗೊತ್ತು? ಹೇಳಿರುತ್ತಾಳೆ ಬಿಡಮ್ಮ ಎಂದಿದ್ದಳಂತೆ.

ಉಪಕರಣ ಮಾಡಿದವರ ಉತ್ತರವೂ ಅದೇ ಸೋಮವಾರ ಬಂತು. ನನ್ನ ಅನುಮಾನ ಸರಿಯಾಗಿದೆ, ಪ್ರಮಾಣವನ್ನೂ ಸೇರಿಸಿ ದೀಪದ ಮಿತಿಯನ್ನು ಬದಲಾಯಿಸುತ್ತೇವೆ ಎಂದಿತ್ತು. ಬದಲಾಯಿಸಿದರು. ಎರಡರಿಂದ ಮೂರರ ಗಂಟೆಯನ್ನು ಕಂಪನಿ ರದ್ದು ಮಾಡಿತು. ಮುಂದಿನ ಬೇಸಿಗೆಯಲ್ಲಿ ಯಾರೂ ಬೀಳಲಿಲ್ಲ.

ನನಗೆ ಗೊತ್ತಿರುವುದು ಇಷ್ಟೆ. ಗೊತ್ತಿಲ್ಲದ್ದನ್ನೂ ಹೇಳಬೇಕು. ಆರು ಜನ ಒಂದೇ ಚೀಲದ ಮಾತ್ರೆ ನುಂಗಿದರು, ಒಂದೇ ಬಿಸಿಲಲ್ಲಿ ಒಂದೇ ಯಂತ್ರ ಹೊತ್ತರು. ಮೂವರ ರಕ್ತದಲ್ಲಿ ತೊಂದರೆ ಕಂಡಿತು. ಮಾತ್ರೆ ಬಿಟ್ಟು ನೀರು ಕುಡಿದ ಮೇಲೆ ತಿಂಗಳೊಳಗೆ ಸರಿಹೋಯಿತು. ಇಬ್ಬರಿಗೆ ಏನೂ ಆಗಿರಲಿಲ್ಲ, ಅವರಲ್ಲಿ ಐವತ್ತೈದರ ಪಾಲಮ್ಮನೂ ಒಬ್ಬಳು. ಅಕ್ಕನ ಮೂತ್ರಪಿಂಡ ಮಾತ್ರ ಯಾಕೆ ಹೀಗಾಯಿತು ಎಂದು ವೈದ್ಯರನ್ನು ಕೇಳಿದೆ. ಮೊದಲೇ ಏನಾದರೂ ದೋಷವಿತ್ತೇನೋ, ಇರಲಿಲ್ಲವೇನೋ, ಈಗ ತಿಳಿಯುವ ದಾರಿಯಿಲ್ಲ ಎಂದರು. ಮಂಗಳವಾರವೇ ನಾನು ಖಚಿತವಾಗಿ ಗೊತ್ತು ಎಂದು ಸುಳ್ಳು ಹೇಳಿದ್ದರೆ ಅಕ್ಕ ಉಳಿಯುತ್ತಿದ್ದಳೇ ಎಂದೂ ಕೇಳಿದೆ. ಅವರು, ಉಳಿಯುತ್ತಿದ್ದರು ಅನ್ನಲೂ ಆಗದು, ಉಳಿಯುತ್ತಿರಲಿಲ್ಲ ಅನ್ನಲೂ ಆಗದು ಎಂದರು. ನನಗೂ ಗೊತ್ತಿಲ್ಲ.